ಒಂಬತ್ತು ರಾತಲು ಸೀಸ

ಹೋದ ವಾರ ಮಂಗಳೂರಿನ ಹಂಪನಕಟ್ಟೆಯ ನಮ್ಮ ಅಂಗಡಿಗೆ ಒಬ್ಬ ಬಸ್ ಕಂಡಕ್ಟರ್ ಬಂದ. ನಮ್ಮದು ಮೋಟಾರ್ ಬಿಡಿಭಾಗಗಳ ಅಂಗಡಿ. ಕ್ಲಚ್ ಕೇಬಲ್ ಬೇಕು ಎಂದ. ಯಾವ ಗಾಡಿಗೆ ಎಂದು ಕೇಳಿದೆ. ಪಕ್ಕದಲ್ಲಿದ್ದ ಗಿರಾಕಿ ಹೋಗುವ ತನಕ ಸ್ಪಾರ್ಕ್ ಪ್ಲಗ್ಗುಗಳ ಡಬ್ಬಿ ನೋಡುತ್ತ ನಿಂತ. ಆಮೇಲೆ ದನಿ ತಗ್ಗಿಸಿ, "ಅಣ್ಣ, ನಿಮಗೆ ಮೊದಲು ಎದೆಯದ್ದು ಆಗಿತ್ತಂತೆ, ಹೌದಾ? ಮತ್ತೆ ನೀವು ರೇಸಿಗೆಲ್ಲ ಹೋದ್ರಂತೆ?" ಎಂದ.

ಈ ಪ್ರಶ್ನೆ ಕೇಳಲು ಬರುವವರು ಯಾರೂ ನೆಟ್ಟಗೆ ಕೇಳುವುದಿಲ್ಲ. ಒಬ್ಬರು ಸೈಕಲ್ ಕೂಡ ಇಲ್ಲದೆ ಹೆಡ್‌ಲೈಟಿನ ಬಲ್ಬು ಕೊಂಡು ಹೋಗಿದ್ದಾರೆ. ಇವರಿಗೆಲ್ಲ ಕೌಂಟರಿನಲ್ಲಿ ನಿಂತು ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡುವುದು ಒಳ್ಳೆಯದೆನಿಸಿತು. ಸ್ವಲ್ಪ ಕೊಚ್ಚಿಕೊಳ್ಳುವುದು ನನ್ನ ಹುಟ್ಟುಗುಣ, ಸಹಿಸಿಕೊಳ್ಳಿ. ಆದರೆ ನಾನು ಮಾಡಿದ ಒಂದು ಮಹಾ ದಡ್ಡತನವೂ ಈ ಕಥೆಯಲ್ಲಿದೆ. ಅದನ್ನೂ ಬಿಡದೆ ಹೇಳುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತನಾಲ್ಕು. ಬಿಜೈಯಲ್ಲಿ ಮನೆ. ಮನೆಯಲ್ಲಿ ಅಮ್ಮ, ನಾನು, ಮತ್ತು ಅಮ್ಮನ ಅಣ್ಣ. ನಮ್ಮಲ್ಲಿ ಮನೆಯ ಯಜಮಾನಿಕೆ ಸೋದರಮಾವನದ್ದು. ಅಪ್ಪ ಇದ್ದಾಗಲೂ ಕೊನೆಯ ಮಾತು ಮಾವನದ್ದೇ ಆಗಿತ್ತು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾದ ಮೇಲಂತೂ ಕೇಳುವುದೇ ಬೇಡ. ಅಂಗಡಿಯೂ ಮಾವನದ್ದು. ಇಡೀ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದೇ, ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೇ ಮೋಟಾರ್ ಸೈಕಲ್. ಅದನ್ನು ಬಿಚ್ಚಿ ಜೋಡಿಸಿ ಓಡುವ ಹಾಗೆ ಮಾಡಿಕೊಟ್ಟವರು ಹಮೀದಾಕ. ನಮ್ಮ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವರ ಗ್ಯಾರೇಜು. ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಅದು ಗಾಡಿಯಿಂದ ಬಿದ್ದದ್ದು ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಊರ ಹೊರಗಿನ ಪದವಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿ ಸ್ಕ್ರಾಂಬಲ್ ರೇಸ್ ಮಾಡುತ್ತಿದ್ದೆವು. ಪದವು ಎಂದರೆ ಮರವಿಲ್ಲದ, ಕೆಂಪುಕಲ್ಲಿನ ಸಪಾಟು ಗುಡ್ಡೆ. ದಾರಿ ಎಂಬುದಿಲ್ಲ. ಕಲ್ಲು, ಹೊಂಡ, ಮಳೆನೀರು ಹರಿದು ಒಣಗಿದ ತೋಡು, ಕೊನೆಗೊಂದು ಕಡಿದಾದ ಏರು. ಅದರಲ್ಲಿ ಹತ್ತು ಸುತ್ತು. ಗೆದ್ದವನಿಗೆ ಒಂದು ಹಿತ್ತಾಳೆಯ ಕಪ್ಪು, ಉಳಿದವರಿಗೆ ಬೊಂಡ, ಅಂದರೆ ಎಳನೀರು. ಮೊದಲ ವರ್ಷ ನಾನು ಆರನೇ ಸುತ್ತಿನಲ್ಲಿ ಎರಡನೆಯವನಾಗಿದ್ದೆ. ತೋಡಿನ ಅಂಚಿನಲ್ಲಿ ಗಾಡಿ ಹಾರಿ, ನಾನು ಹಾರಿ, ಹ್ಯಾಂಡಲ್ ಬಂದು ಬಲಪಕ್ಕೆಗೆ ಬಡಿಯಿತು.

ಆ ಪೆಟ್ಟಿನ ಮೇಲೆ ನಾನು ನಾಲ್ಕು ತಿಂಗಳು ತಪ್ಪು ಹೊರಿಸಿದೆ. ಪಕ್ಕೆ ನೋವು ಹೋಗಲಿಲ್ಲ. ಅಮ್ಮ ಎಣ್ಣೆ ತಿಕ್ಕಿದರು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು. ಅದನ್ನು ಸೆಕೆ ಎಂದೆ. ಮಂಗಳೂರಲ್ಲಿ ಯಾರು ಬೆವರುವುದಿಲ್ಲ? ಒಂದು ದಿನ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಲು ಆಗದೆ ಅದರ ಮೇಲೇ ಒರಗಿ ಏದುಸಿರು ಬಿಡುತ್ತಿದ್ದೆ. ಹಮೀದಾಕ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಬಿದ್ದ ನೋವು ದಿನ ಹೋದ ಹಾಗೆ ಕಮ್ಮಿ ಆಗ್ಬೇಕು ಮಾರಾಯ. ನಿಂದು ಜಾಸ್ತಿ ಆಗ್ತಾ ಉಂಟು. ಎಂಜಿನ್ನಿಂದ ಇಂಥ ಶಬ್ದ ಬಂದ್ರೆ ನಾನು ಬಿಚ್ಚಿ ನೋಡ್ತೇನೆ. ನಿನ್ನನ್ನು ಬಿಚ್ಚಲಿಕ್ಕೆ ನಂಗೆ ಗೊತ್ತಿಲ್ಲ. ಡಾಕ್ಟ್ರತ್ರ ಹೋಗು."

ಕಂಕನಾಡಿಯಲ್ಲಿ ಒಬ್ಬರು ಎದೆಯ ಡಾಕ್ಟರಿದ್ದರು. ಅಮ್ಮ, ಮಾವ, ನಾನು ಮೂವರೂ ಹೋದೆವು. ಅಲ್ಲಿನ ಬೆಂಚುಗಳ ಬಗ್ಗೆ ಹೇಳಲೇಬೇಕು. ಉದ್ದನೆಯ ಎರಡು ಬೆಂಚು, ಎದುರುಬದುರು. ಕೂತವರು ಯಾರೂ ಎದುರಿನವರ ಮುಖ ನೋಡುವುದಿಲ್ಲ. ಎಲ್ಲರ ಕಣ್ಣೂ ನಡುವಿನ ನೆಲದ ಮೇಲೆ. ಒಬ್ಬ ಕೆಮ್ಮಿದರೆ ಉಳಿದವರಿಗೂ ಗಂಟಲು ಕೆರೆಯುತ್ತದೆ, ಆದರೂ ತಡೆದುಕೊಳ್ಳುತ್ತಾರೆ, ಕೆಮ್ಮಿದವನಿಗೆ ಮಾತ್ರ ಕಾಯಿಲೆ ಎಂಬಂತೆ. ನಾನು ಒಮ್ಮೆಯೂ ಕೆಮ್ಮಲಿಲ್ಲ. ಒಳಗೊಳಗೇ ಗೆದ್ದೆ ಅಂದುಕೊಂಡೆ. ಎಕ್ಸ್‌ರೇ ಕೋಣೆಯಲ್ಲಿ ತಣ್ಣಗಿನ ಪ್ಲೇಟಿಗೆ ಎದೆ ಒತ್ತಿ ನಿಂತಾಗ ಆಳು, "ಉಸಿರು ಎಳೆದು ಹಿಡೀರಿ" ಎಂದ. ಎಳೆಯಲು ಹೋದರೆ ಬಲಗಡೆ ಅರ್ಧಕ್ಕೇ ನಿಂತಿತು. ಗೆದ್ದದ್ದು ಅಲ್ಲಿಗೆ ಮುಗಿಯಿತು.

ಡಾಕ್ಟರು ಚಿತ್ರವನ್ನು ಕಿಟಕಿಗೆ ಹಿಡಿದರು. "ಬಲ ಶ್ವಾಸಕೋಶದ ಹೊರಗೆ ನೀರು ತುಂಬಿದೆ. ಪ್ಲೂರಿಸಿ. ಇದರ ಮೂಲ ಕ್ಷಯ ಅಂತಲೇ ಇಟ್ಟುಕೊಂಡು ಮದ್ದು ಮಾಡ್ತೇನೆ."

ಮಾವ ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೂತರು. ಅಮ್ಮ ಮಾತ್ರ ಕೇಳಿದರು. "ಇವನ ಅಪ್ಪನದ್ದೇನಾ?"

"ಅದೇ ಜಾತಿಯದ್ದು ಅಮ್ಮ. ಆದ್ರೆ ಆಗ ನಮ್ಮ ಕೈಯಲ್ಲಿ ಮದ್ದು ಇರ್ಲಿಲ್ಲ. ಈಗ ಉಂಟು."

ಅಪ್ಪ ಹೇಗೆ ಹೋದರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ವಾರ ವಾರ ಸಣ್ಣಗಾದರು. ಕೊನೆಗೆ ಅಮ್ಮ ಒಬ್ಬರೇ ಅವರನ್ನು ಎತ್ತಿ ಬಿಸಿಲಿಗೆ ಕೂರಿಸುತ್ತಿದ್ದರು. ಅಲ್ಲಿ ಕೂತಲ್ಲೇ ನನಗೆ ಸಾವಿನ ಭಯವಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಮ್ಮ, "ಈಗ ಉಂಟು ಅಂದ್ರಲ್ಲ, ಮದ್ದು" ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ, "ಉಂಟು ಅಂದ್ರು" ಎಂದರು. ಆ ಒಂದು ಮಾತನ್ನು ಅಮ್ಮ ತಿಂಗಳುಗಟ್ಟಲೆ ಹಿಡಿದುಕೊಂಡಿದ್ದರು.

ನೀರು ತೆಗೆಯುವ ದಿನ ನನ್ನನ್ನು ಕುರ್ಚಿಯಲ್ಲಿ ತಿರುಗಿಸಿ ಕೂರಿಸಿ, ಬೆನ್ನಿನಿಂದ ಸೂಜಿ ಹಾಕಿದರು. ಅಲ್ಲೊಬ್ಬರು ಸಿಸ್ಟರ್ ಇದ್ದರು, ಕೊಂಕಣಿಯವರು. ಎದುರಿಗೆ ಕೂತು ನನ್ನ ಎರಡೂ ಮಣಿಕಟ್ಟು ಹಿಡಿದು, "ನೀವು ಮೋಟಾರ್ ಸೈಕಲಿನವರಂತೆ. ನಂಗೆ ಗೇರ್ ಹೇಗೆ ಹಾಕುದು ಹೇಳಿ, ಒಂದರಿಂದ ಶುರು ಮಾಡಿ" ಎಂದರು. ಕ್ಲಚ್ ಒತ್ತುವಲ್ಲಿಂದ ಹೇಳಿದೆ. ಮೂರನೇ ಗೇರಿಗೆ ಬರುವಾಗ ಒಂದು ಬಾಟಲಿ ತುಂಬಿತ್ತು, ನಿಂಬೆ ಶರಬತ್ತಿನ ಬಣ್ಣ. "ನಾಲ್ಕನೆಯದ್ದು?" ಎಂದರು. ಹೇಳಿದೆ. "ರಿವರ್ಸ್?" ಎಂದರು. ಮೋಟಾರ್ ಸೈಕಲಿಗೆ ರಿವರ್ಸ್ ಇಲ್ಲ ಸಿಸ್ಟರ್ ಎನ್ನುವಾಗ ನಗು ಬಂತು, ಡಾಕ್ಟರು ಹಿಂದಿನಿಂದ ಅಲ್ಲಾಡಬೇಡ ಎಂದು ಬೈದರು. ಆ ಸಿಸ್ಟರಿಗೆ ಗೇರಿನ ಬಗ್ಗೆ ತಿಳಿಯುವ ಯಾವ ಗರಜೂ ಇರಲಿಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆಮೇಲೆ ದಿನಕ್ಕೊಂದು ಸೂಜಿ, ಹೊಟ್ಟೆ ತೊಳಸುವಂಥ ಪುಡಿ ಮದ್ದು, ಮಧ್ಯಾಹ್ನ ಮಲಗಲೇಬೇಕೆಂಬ ಕಟ್ಟಪ್ಪಣೆ. ಕೇಳಿದವರಿಗೆಲ್ಲ ಗಾಡಿಯಿಂದ ಬಿದ್ದ ಪೆಟ್ಟು ಎನ್ನಬೇಕೆಂದು ಮಾವ ಕಟ್ಟುಮಾಡಿದರು. ನನ್ನ ಬಟ್ಟಲು, ಲೋಟ ಬೇರೆ ಇಡಿಸಿದರು. ಅದಕ್ಕೆ ನನಗೆ ಸಿಟ್ಟು ಬಂತು. ಆದರೆ ಪ್ರತಿ ಬುಧವಾರ ಅಂಗಡಿ ಬಾಗಿಲು ಹಾಕಿ ನನ್ನ ಜೊತೆ ಕಂಕನಾಡಿಗೆ ಬಂದು, ಆ ಬೆಂಚಿನಲ್ಲಿ ನನಗೆ ತಾಗಿಕೊಂಡೇ ಕೂರುತ್ತಿದ್ದವರೂ ಅವರೇ. ಮನುಷ್ಯರು ಹೀಗೇ.

ಬುಧವಾರ ತೂಕದ ದಿನ. ಸಿಸ್ಟರ್ ತೂಕ ನೋಡಿ ಕಾರ್ಡಿನಲ್ಲಿ ಬರೆಯುತ್ತಿದ್ದರು. ಡಾಕ್ಟರ ಲೆಕ್ಕದಲ್ಲಿ ಪೌಂಡು, ಅಮ್ಮನ ಬಾಯಲ್ಲಿ ರಾತಲು, ಎರಡೂ ಒಂದೇ. ಶುರುವಿನಲ್ಲಿ ನಾನು ನೂರಹನ್ನೆರಡು. "ನೂರಮೂವತ್ತು ಆಗ್ಲಿ, ಆಮೇಲೆ ಗಾಡಿಯ ಮಾತು" ಎಂದರು ಡಾಕ್ಟರು. ಮೈ ತುಂಬುವುದೇ ಮದ್ದು ಹಿಡಿದದ್ದಕ್ಕೆ ಗುರುತು ಎಂದು ಮನೆಯಲ್ಲೂ ಎಲ್ಲರೂ ನಂಬಿದ್ದರು. ಅಮ್ಮ ತಂದದ್ದು, ಕೊಟ್ಟದ್ದು ಒಂದೆರಡಲ್ಲ: ಮೊಟ್ಟೆ, ತುಪ್ಪ, ಬಂಗುಡೆ ಮೀನು, ನಾಟಿ ಕೋಳಿಯ ಸಾರು. ನಾನು ಕಷ್ಟಪಟ್ಟು ತಿಂದೆ. ತೂಕ ನೂರಿಪ್ಪತ್ತೆರಡಕ್ಕೆ ಬಂದು ನಿಂತಿತು. ಒಂದು ವಾರ, ಎರಡು ವಾರ, ನಾಲ್ಕು ವಾರ, ಮುಳ್ಳು ಅಲ್ಲೇ. ಸುಳ್ಳು ಹೇಳುವ ಬುದ್ಧಿ ನನಗೆ ಆಗ ಬಂತು. ರೇಸಿಗೆ ಇನ್ನು ನಾಲ್ಕೇ ತಿಂಗಳಿತ್ತು.

ಅಟ್ಟದಲ್ಲಿ ಅಪ್ಪನ ಬೀಸುಬಲೆ ನೇತಾಡುತ್ತಿತ್ತು. ಅಪ್ಪ ಭಾನುವಾರಗಳಲ್ಲಿ ಕೂಳೂರು ಹೊಳೆಗೆ ಹೋಗಿ ಅದನ್ನು ಬೀಸುತ್ತಿದ್ದರು. ಬಲೆ ನೀರಿನಲ್ಲಿ ಮುಳುಗಲಿ ಎಂದು ಅದರ ಅಂಚಿನ ಸುತ್ತ ಸೀಸದ ಗುಂಡುಗಳಿರುತ್ತವೆ. ಮಂಗಳವಾರ ಮಧ್ಯಾಹ್ನ, ನಾನು ಮಲಗಿದ್ದೇನೆಂದು ಅಮ್ಮ ಅಂದುಕೊಂಡ ಹೊತ್ತಿನಲ್ಲಿ, ಹತ್ತಿ ಹೋಗಿ ಬ್ಲೇಡಿನಿಂದ ಕೆಲವನ್ನು ಕತ್ತರಿಸಿದೆ. ಹಳೇ ಪಂಚೆಯ ಪಟ್ಟಿಯಲ್ಲಿ ಹೊಲಿದು ಅಂಗಿಯೊಳಗೆ ಸೊಂಟಕ್ಕೆ ಕಟ್ಟಿದೆ. ಆ ಬುಧವಾರ ತೂಕ ಒಂದು ರಾತಲು ಏರಿತು. ಮುಂದಿನ ವಾರ ಇನ್ನೊಂದು. ನಾನು ದುರಾಸೆಯವನಲ್ಲ, ಹದವಾಗಿ ಏರಿಸಿದೆ.

ಸಿಸ್ಟರ್ ಒಂದು ದಿನ ನನ್ನ ಕೆನ್ನೆ ನೋಡಿ, "ಮುಖ ಮಾತ್ರ ಹಾಗೇ ಉಂಟು ನಿಮ್ಮದು. ಈ ತೂಕ ಎಲ್ಲ ಎಲ್ಲಿಗೆ ಹೋಗ್ತದೆ?" ಎಂದು ಕೇಳಿದರು.

"ಸೊಂಟಕ್ಕೆ ಸಿಸ್ಟರ್" ಎಂದೆ. ಅದೊಂದು ಮಾತು ಮಾತ್ರ ನಿಜ ಹೇಳಿದ್ದೆ.

ಕಾರ್ಡಿನಲ್ಲಿ ನೂರಮೂವತ್ತೊಂದು ಬಿದ್ದ ದಿನ ಡಾಕ್ಟರು ಬೆನ್ನು ತಟ್ಟಿದರು. ಸೂಜಿಯನ್ನು ವಾರಕ್ಕೆರಡು ಮಾಡಿದರು. ಗಾಡಿಯನ್ನು ಮೆಲ್ಲಗೆ ಮುಟ್ಟಬಹುದು ಎಂದರು. ಮೆಲ್ಲಗೆ ಎಂಬ ಶಬ್ದ ನನ್ನ ಕಿವಿಗೆ ಬೀಳಲೇ ಇಲ್ಲ. ಮಾರನೆಯ ದಿನವೇ ಪದವಿನಲ್ಲಿ ಮೂರು ಸುತ್ತು ಹೊಡೆದೆ. ಹಮೀದಾಕ ಗಡಿಯಾರ ಹಿಡಿದುಕೊಂಡು ನಿಂತಿದ್ದರು. ಅವರಿಗೂ ನಾನು ಕಾರ್ಡು ತೋರಿಸಿದ್ದೆ. ಎರಡೇ ದಿನದಲ್ಲಿ ಸಂಜೆಯ ಬಿಸಿ ಮೆಲ್ಲನೆ ಹಿಂದೆ ಬಂತು. ಅದನ್ನು ಬಿಸಿಲಿನದ್ದೆಂದು ನನಗೆ ನಾನೇ ಹೇಳಿಕೊಂಡೆ.

ನನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಡಾಕ್ಟರು ನೂರಮೂವತ್ತು ಎಂದ ದಿನವೇ ಅಮ್ಮ ಹರಕೆ ಹೊತ್ತಿದ್ದರು, ಮಗ ನೂರಮೂವತ್ತು ದಾಟಿದರೆ ಬೆಲ್ಲದ ತುಲಾಭಾರ ಮಾಡಿಸುತ್ತೇನೆಂದು. ಮಗನನ್ನು ದೇವಸ್ಥಾನದ ತಕ್ಕಡಿಯ ಒಂದು ಬದಿಗೆ ಕೂರಿಸಿ, ಇನ್ನೊಂದು ಬದಿಗೆ ಸಮ ತೂಗುವಷ್ಟು ಬೆಲ್ಲ ಇಟ್ಟು ಒಪ್ಪಿಸುವುದು. ಭಾನುವಾರ ಹೊರಡಬೇಕು ಎಂದಾಗ ಸಂತೋಷದಿಂದಲೇ ಹೊರಟೆ. ದೇವಸ್ಥಾನದ ತಕ್ಕಡಿಯೂ ತಕ್ಕಡಿಯೇ ಎಂದು ಹೊಳೆಯುವಷ್ಟು ಬುದ್ಧಿ ನನಗಿರಲಿಲ್ಲ. ಹೇಗೂ ಸಮ ಆಗುವ ತನಕ ಇಡುತ್ತಾರೆ, ನನಗೆಂತ ಎಂದುಕೊಂಡಿದ್ದೆ. ಅಮ್ಮ ಡಾಕ್ಟರ ಕಾರ್ಡು ತೆಗೆದುಕೊಂಡು ಹೋಗಿ, ಒಂದು ಗುಲಗಂಜಿ ಹೆಚ್ಚುಕಮ್ಮಿ ಇಲ್ಲದೆ ನೂರಮೂವತ್ತೊಂದು ರಾತಲು ಅಚ್ಚುಬೆಲ್ಲ ತೂಗಿಸಿ ತಂದಿದ್ದರು.

ಅಂಗಿ ತೆಗೆದು, ಪಂಚೆ ಉಟ್ಟು, ತಟ್ಟೆಯಲ್ಲಿ ಕೂತೆ. ಎದುರು ತಟ್ಟೆಗೆ ಮಾವ ಒಂದೊಂದೇ ಅಚ್ಚು ಇಟ್ಟರು. ನನ್ನ ತಟ್ಟೆ ನೆಲ ಬಿಟ್ಟು ಎದ್ದಿತು, ಎದುರಿನದ್ದಕ್ಕೆ ಸಮನಾಯಿತು. ಭಟ್ಟರು "ಸಾಕು" ಎಂದರು. ಬುಟ್ಟಿಯಲ್ಲಿ ಇನ್ನೂ ನಾಲ್ಕು ಅಚ್ಚು ಉಳಿದಿತ್ತು.

ಭಟ್ಟರು ಆರತಿ ಎತ್ತಿದರು. ಮಾವ ಕೈಮುಗಿದರು. ಅಮ್ಮ ಬುಟ್ಟಿಯನ್ನೇ ನೋಡುತ್ತಿದ್ದರು. ನಾನು ಇಳಿದು ಬರುವಾಗ ನನ್ನ ತೋಳನ್ನು, ಪಕ್ಕೆಲುಬನ್ನು ಮುಟ್ಟಿ ನೋಡಿದರು. ಹೊರಗೆ ಕೆರೆಯ ಮೆಟ್ಟಿಲಿಗೆ ಬಂದವರು ಕುಸಿದು ಕೂತರು.

"ನಾಲ್ಕು ದಿನದಲ್ಲಿ ಒಂಬತ್ತು ರಾತಲು ಇಳಿದಿದ್ದಾನೆ" ಎಂದು ಮಾವನಿಗೆ ಹೇಳಿದರು. "ಇವನ ಅಪ್ಪನೂ ಹೀಗೇ ಇಳಿದದ್ದು ಅಣ್ಣ. ಕೊನೆಗೆ ಹೀಗೇ. ಈಗಲೇ ಕಂಕನಾಡಿಗೆ ಹೋಗುವ. ಈಗಲೇ."

ಅಮ್ಮ ಆಗಲೇ ಸೆರಗಿನ ಗಂಟು ಬಿಚ್ಚಿ ಬಸ್ಸಿಗೆ ಚಿಲ್ಲರೆ ಎಣಿಸುತ್ತಿದ್ದರು. ನನಗೆ ಸುಳ್ಳು ಹೇಳಿ ಅಭ್ಯಾಸವಾಗಿತ್ತು, ದೇವಸ್ಥಾನದ ತಕ್ಕಡಿ ಸರಿ ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ. ಆ ಚಿಲ್ಲರೆ ನೋಡಿ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ, ಬಲೆ, ಬ್ಲೇಡು, ಪಟ್ಟಿ, ಸಂಜೆಯ ಜ್ವರವನ್ನೂ ಸೇರಿಸಿ.

ಮಾವ ಕೈ ಎತ್ತಿದರು. ಅಮ್ಮ ತಡೆದರು. ನನ್ನ ಕಡೆ ತಿರುಗಿ, "ಅಪ್ಪನ ಬಲೆಯಾ?" ಎಂದರು. ತಲೆಯಾಡಿಸಿದೆ.

"ಇಷ್ಟು ವಾರದಿಂದ ನಾನು ದೇವರಿಗೆ ಕೈಮುಗಿದದ್ದು ಸೀಸಕ್ಕಾ?"

ಅಮ್ಮ ನನಗೆ ಬೈದದ್ದು ಅಷ್ಟೇ. ಅದಕ್ಕಿಂತ ಮಾವನ ಏಟು ಬಿದ್ದಿದ್ದರೆ ನೆಮ್ಮದಿಯಿತ್ತು.

ಮಾರನೆಯ ದಿನ ಮಾವ ನನ್ನನ್ನು ಡಾಕ್ಟರ ಮೇಜಿನ ಮುಂದೆ ನಿಲ್ಲಿಸಿ, ಪಟ್ಟಿಯನ್ನು ಧೊಪ್ಪೆಂದು ಅದರ ಮೇಲಿಟ್ಟರು. ಡಾಕ್ಟರು ಅದನ್ನು ಕೈಯಲ್ಲೆತ್ತಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ "ದೇವಾ" ಎಂದು ಹೊರಗೆ ಹೋದರು. ಹೊಸ ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಮತ್ತೆ ಮಸುಕು ಕಂಡಿತ್ತು.

"ನಾನು ನಿನ್ನ ಮುಖ ನೋಡ್ಬೇಕಿತ್ತು, ಕಾರ್ಡ್ ನೋಡಿದೆ. ಅದು ನನ್ನ ತಪ್ಪು" ಎಂದರು ಡಾಕ್ಟರು. "ಉಳಿದದ್ದೆಲ್ಲ ನಿನ್ನದು. ಮದ್ದು ಅರ್ಧದಲ್ಲಿ ಕಮ್ಮಿ ಮಾಡಿದ್ದೇವೆ. ಇನ್ನು ಇದು ಬಗ್ತದಾ ಇಲ್ವಾ ಅಂತ ನಂಗೂ ಗೊತ್ತಿಲ್ಲ. ಮೊದಲಿಂದ ಶುರು ಮಾಡುವ."

ಆ ವರ್ಷದ ರೇಸು ನಾನಿಲ್ಲದೆ ನಡೆಯಿತು. ಗಾಳಿ ಆ ಕಡೆಯಿಂದ ಬೀಸಿದಾಗ ಮನೆಯ ಚಾವಡಿಯ ಮಂಚಕ್ಕೆ ಎಂಜಿನ್ನುಗಳ ಸದ್ದು ಕೇಳುತ್ತಿತ್ತು. ಯಾರದ್ದು ಯಾವ ಗಾಡಿ ಎಂದು ನನಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಗೋಡೆಗೆ ತಿರುಗಿ ಮಲಗಿದೆ. ಇನ್ನು ಗಾಡಿ ಹತ್ತುತ್ತೇನೋ ಇಲ್ಲವೋ ಎಂಬುದಕ್ಕಿಂತ, ಅಮ್ಮ ನನ್ನ ಮಾತನ್ನು ಇನ್ನು ಯಾವತ್ತಾದರೂ ನಂಬುತ್ತಾರೋ ಎಂಬುದು ಆಗ ದೊಡ್ಡದಾಗಿತ್ತು. ಜ್ವರ ಇಲ್ಲ ಎಂದು ನಾನು ಹೇಳಿದರೂ ಅವರು ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಊಟ ಆಯಿತು ಎಂದರೆ ಬಟ್ಟಲು ನೋಡುತ್ತಿದ್ದರು. ಅವರದ್ದು ತಪ್ಪಲ್ಲ.

ಮದ್ದು ಬಗ್ಗಿಸಿತು. ಅದನ್ನು ಉದ್ದ ಮಾಡಿ ಹೇಳುವುದಿಲ್ಲ. ಸೂಜಿ, ಪುಡಿ, ನಿದ್ದೆ, ಗಂಜಿ, ಇದರಲ್ಲಿ ಕಥೆ ಎಂತದ್ದು? ಮುಂದಿನ ಮಳೆಗಾಲದ ಹೊತ್ತಿಗೆ ಡಾಕ್ಟರು ಚಿತ್ರವನ್ನು ಕಿಟಕಿಗೆ ಹಿಡಿದು, "ನೀರಿಲ್ಲ, ಮಸುಕಿಲ್ಲ" ಎಂದರು. "ಆದ್ರೆ ಒಳಗೆ ಪೊರೆ ಅಂಟಿಕೊಂಡಿದೆ. ನೀನು ಉಸಿರು ಹಿಗ್ಗಿಸಿದಷ್ಟು ಅದು ಬಿಡ್ತದೆ. ತೂಕದ ಮಾತು ನಿನ್ನ ಹತ್ರ ಇನ್ನು ಆಡುದಿಲ್ಲ. ಒಂದು ಉಸಿರು ಎಳೆದುಕೋ, ಬಿಡುವಾಗ ಗಟ್ಟಿಯಾಗಿ ಎಣಿಸು. ಎಷ್ಟಕ್ಕೆ ನಿಲ್ತದೆ ನೋಡುವ."

ಹದಿನೇಳಕ್ಕೆ ನಿಂತಿತು.

"ನಲವತ್ತು ಆದ ದಿನ ಗಾಡಿ ಹತ್ತು. ಇದಕ್ಕೆ ಸೊಂಟಕ್ಕೆ ಎಂತ ಕಟ್ಟಿದ್ರೂ ಆಗುದಿಲ್ಲ."

ಗಾಡಿ ಓಡಿಸುವುದಕ್ಕೆ ಮೈಗಟ್ಟು ಯಾಕೆ, ಎಂಜಿನ್ ತಾನೇ ಓಡುವುದು ಎನ್ನುವವರು ಪದವಿನಲ್ಲಿ ಒಂದು ಸುತ್ತು ಹೋಗಿ ಬರಲಿ. ಕೂತು ಓಡಿಸಿದರೆ ಬೆನ್ನುಮೂಳೆ ಪುಡಿ. ಇಡೀ ದಾರಿ ಕಾಲಿನ ಮೇಲೆ ನಿಂತು ಹೋಗಬೇಕು. ನಾಲ್ಕನೇ ಸುತ್ತಿಗೆ ಮುಂಗೈ ಕಲ್ಲಾಗಿ, ಬೆರಳು ಬ್ರೇಕಿಗೆ ಬಗ್ಗುವುದಿಲ್ಲ. ಏಳಕ್ಕೆ ಉಸಿರು ಗಂಟಲಲ್ಲಿರುತ್ತದೆ. ಹಮೀದಾಕ ಇದನ್ನು ಬೇರೆ ರೀತಿ ಹೇಳಿದರು. "ಗಾಡಿ ಓಡ್ಸುದು ಕೈಯಲ್ಲಿ ಅಲ್ಲ ಮಾರಾಯ. ಕಾಲು, ಹೊಟ್ಟೆ, ಉಸಿರು. ಕೈ ಸುಮ್ಮನೆ ಹಿಡ್ಕೊಳ್ಳುದು." ಗ್ಯಾರೇಜಿನ ಅಂಗಳದಲ್ಲಿ ಎರಡು ಕೆಂಪುಕಲ್ಲು ಇಟ್ಟು, ಅದರ ಮೇಲೆ ನನ್ನನ್ನು ಅರ್ಧ ಕುಕ್ಕರಿಸಿ ನಿಲ್ಲಿಸಿ, ಮೊಣಕಾಲುಗಳ ನಡುವೆ ಒಂದು ತೆಂಗಿನಕಾಯಿ ಸಿಕ್ಕಿಸಿದರು. "ಇದು ಬೀಳ್ಬಾರ್ದು. ನಾನು ಚಾ ಕುಡಿದು ಬರ್ತೇನೆ." ಅವರು ಚಾ ಕುಡಿಯಲು ಹಂಪನಕಟ್ಟೆಯ ಆ ತುದಿಗೆ ಹೋಗುತ್ತಿದ್ದರು. ಮೊದಲ ವಾರ ಅವರು ರಸ್ತೆ ದಾಟುವ ಮೊದಲೇ ಕಾಯಿ ಉರುಳುತ್ತಿತ್ತು.

ಆದರೆ ನನ್ನ ನಿಜವಾದ ಗುರು ಮನೆಯಲ್ಲೇ ಇದ್ದರು. ಒಂದು ಬೆಳಿಗ್ಗೆ ಅಮ್ಮ ಬಾವಿಕಟ್ಟೆಗೆ ಕರೆದರು. ಕೈಯಲ್ಲಿ ಆ ಪಟ್ಟಿ. ಡಾಕ್ಟರ ಮೇಜಿನಿಂದ ಮಾವ ಅದನ್ನು ವಾಪಸು ತಂದದ್ದು ನನಗೆ ಗೊತ್ತಿತ್ತು, ಎಲ್ಲಿಟ್ಟರೆಂದು ಗೊತ್ತಿರಲಿಲ್ಲ.

"ಇದನ್ನು ವಾರಕ್ಕೊಂದು ದಿನ ಕಟ್ಟಿಕೊಂಡದ್ದು ಸುಳ್ಳಿಗೆ" ಎಂದರು. "ಇನ್ನು ದಿನಾ ಕಟ್ಟು. ಕಟ್ಟಿ ನೀರು ಸೇದು. ನಾನು ಎಣಿಸ್ತೇನೆ."

"ಎಷ್ಟು ಕೊಡ ಅಮ್ಮ?"

"ನಿನ್ನ ಉಸಿರು ಕೇಳಿ ಹೇಳ್ತೇನೆ. ನಿನ್ನನ್ನು ಕೇಳಿ ಅಲ್ಲ."

ನಮ್ಮ ಬಾವಿ ಆಳದ್ದು. ಮೊದಲ ದಿನ ಐದು ಕೊಡ. ಅಮ್ಮ ಜಗಲಿಯಲ್ಲಿ ಬಸಳೆ ಹೆಚ್ಚುತ್ತ ಕೂತು, ನನ್ನ ಕಡೆ ನೋಡದೆ, ಉಸಿರು ಒಡೆದ ಕೂಡಲೇ "ಸಾಕು" ಎನ್ನುತ್ತಿದ್ದರು. ಇನ್ನೂ ಒಂದು ಎಂದು ನಾನು ಹಟ ಹಿಡಿದರೆ ರಾಟೆಯ ಹಗ್ಗ ತಪ್ಪಿಸುತ್ತಿದ್ದರು. ಆಮೇಲೆ ಹದಿನೈದು ಕೊಡವಾಯಿತು, ಮೂವತ್ತಾಯಿತು. ಮನೆಗೆ ಬೇಕಾದದ್ದು ಮುಗಿದು, ತೊಂಡೆ ಚಪ್ಪರ, ಬಸಳೆ ಬುಡ ಎಲ್ಲ ಕೊಚ್ಚಿಹೋಗುವಷ್ಟು ನೀರಾಗಿ, ಕೊನೆಗೆ ಎರಡು ನೆರೆಮನೆಗಳಿಗೂ ನಾನೇ ಸೇದಿದೆ. ಮುಂಗೈಗೆ ಇನ್ನೊಂದು ಔಷಧ ಕಡೆಯುವ ಕಲ್ಲು. ದಿನಾ ಸಂಜೆ ದೋಸೆಗೆ ಅಕ್ಕಿ ಕಡೆಯುವುದು ನನ್ನ ಕೆಲಸವಾಯಿತು. ಆಚೆಮನೆಯ ಹೆಂಗಸರು ಬೇಲಿಯ ಮೇಲಿಂದ, "ಮಗನಿಗೆ ಗಂಡು ನೋಡ್ತಾ ಇದ್ದೀರಾ ಅಕ್ಕ?" ಎಂದು ಅಮ್ಮನನ್ನು ಕೇಳಿದರು. "ಒಳ್ಳೆ ಕಡೆಯದ್ದು ಇದ್ರೆ ಹೇಳಿ, ಚಟ್ನಿಯೂ ಕಡೀತಾನೆ" ಎಂದರು ಅಮ್ಮ. ಆ ಸೀಸದ ಗಲಾಟೆಯ ನಂತರ ಅಮ್ಮ ನನ್ನ ವಿಷಯದಲ್ಲಿ ತಮಾಷೆ ಮಾಡಿದ್ದು ಅದೇ ಮೊದಲು. ಕಲ್ಲು ತಿರುಗಿಸುತ್ತಿದ್ದ ನನಗೆ ಕಣ್ಣು ತುಂಬಿತು. ಹಿಟ್ಟು ಹಾರಿತು ಎಂದೆ.

ರಾತ್ರಿ ಊಟಕ್ಕೆ ಮೊದಲು ಎಣಿಕೆ. ನಾನು ಎಣಿಸುವುದು, ಅಮ್ಮ ಕೇಳುವುದು. ಹತ್ತೊಂಬತ್ತು. ಇಪ್ಪತ್ತನಾಲ್ಕು. ಶೀತವಾದ ವಾರ ಮತ್ತೆ ಇಪ್ಪತ್ತು. ಒಂದು ದಿನ ಮೂವತ್ತೊಂದಕ್ಕೆ ನಿಂತಾಗ ಮಾವ ಪೇಪರಿನ ಹಿಂದಿನಿಂದ, "ಮೂವತ್ತೆರಡು ಅಲ್ವಾ?" ಎಂದರು. ನಾನು, "ಅಲ್ಲ ಮಾವ, ಮೂವತ್ತೊಂದು" ಎಂದೆ. ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ ಅನ್ನ ಬಡಿಸಲು ಎದ್ದರು. ಮಾರನೆಯ ದಿನದಿಂದ ನನ್ನ ಹಣೆ ಮುಟ್ಟಿ ನೋಡುವುದು ನಿಂತಿತು. ನನ್ನ ಮಟ್ಟಿಗೆ ನಾನು ಗುಣವಾದದ್ದು ಆ ದಿನ. ಡಾಕ್ಟರು ನಲವತ್ತಮೂರು ಕೇಳಿ ಗಾಡಿಗೆ ಒಪ್ಪಿದ್ದು ಅದಾಗಿ ಎರಡು ತಿಂಗಳಿಗೆ. ಅಂಗಿ ತೆಗೆದು, ಜೇಬು ತೋರಿಸಿ, ನಾನಾಗಿಯೇ ತೂಕಕ್ಕೂ ನಿಂತೆ. ನೂರನಲವತ್ತು. ಸಿಸ್ಟರ್ ಕಾರ್ಡಿನಲ್ಲಿ ಬರೆದು, ಕೆಳಗೆ ಗೀಟು ಎಳೆದರು.

ರೇಸಿನ ದಿನ ಹನ್ನೊಂದು ಗಾಡಿ ಸಾಲಿನಲ್ಲಿದ್ದವು. ಮಾವ ಬಾಡಿಗೆ ಕಾರು ಮಾಡಿ ಅಮ್ಮನನ್ನು ಕರೆತಂದಿದ್ದರು. ಇಬ್ಬರೂ ಒಂದೇ ಕೊಡೆಯಡಿ ನಿಂತಿದ್ದರು. ಮೊದಲ ಸುತ್ತುಗಳ ಬಗ್ಗೆ ಹೇಳುವುದೇನಿಲ್ಲ, ನಾನು ಸೊಗಸಾಗಿ ಓಡಿಸಿದೆ. ಎಂಟನೆಯದರಲ್ಲಿ ಬಲಪಕ್ಕೆ ಹಿಡಿಯಿತು. ಏರಿನಲ್ಲಿ ಮುಂದಿನ ಮೂವರ ಧೂಳು, ಉಸಿರು ಅರ್ಧಕ್ಕೇ ನಿಲ್ಲುವ ಆ ಹಳೇ ಗುರುತು. ಹೆದರಿಕೆ ಬಂತು. ಆಗ ಬಾವಿಕಟ್ಟೆಯಲ್ಲಿ ಕೊಡ ಮೇಲೆ ಬರುವಾಗ ಬಿಡುತ್ತಿದ್ದ ಹಾಗೆ ಉಸಿರನ್ನು ಉದ್ದಕ್ಕೆ ಬಿಟ್ಟು ಎಣಿಸತೊಡಗಿದೆ. ಏರಿನ ತುದಿಗೆ ಇಪ್ಪತ್ತಾರು. ಇಳಿಯುವಾಗ ಹೊಸ ಉಸಿರು. ಮುಂದಿನ ಏರಿಗೂ ಇಪ್ಪತ್ತಾರು. ಪ್ರತಿ ಸಲವೂ ಉಸಿರು ಬೇಕಾದಷ್ಟು ಇತ್ತು. ಹತ್ತೂ ಸುತ್ತು ಮುಗಿಸಿದೆ, ನಾಲ್ಕನೆಯವನಾಗಿ. ಕಪ್ಪು ಬೇರೆಯವನಿಗೆ ಹೋಯಿತು, ನನಗೆ ಬೊಂಡ.

"ಎಷ್ಟನೆಯದ್ದು?" ಎಂದು ಮಾವ ಕೇಳುತ್ತಿದ್ದರು. ಅಮ್ಮ ಅದನ್ನು ಕೇಳಲಿಲ್ಲ. ಹಮೀದಾಕನ ಕಡೆ ತಿರುಗಿ, "ಕೆಮ್ಮಿದನಾ?" ಎಂದರು.

"ಇಲ್ಲ ಅಮ್ಮ" ಎಂದರು ಹಮೀದಾಕ. "ಎಂಜಿನ್ ಸರಿ ಉಂಟು."

ಮುಂದಿನ ಭಾನುವಾರ ಮತ್ತೆ ಅದೇ ದೇವಸ್ಥಾನ. ಹೋದ ಸಲದ್ದು ಲೆಕ್ಕಕ್ಕಿಲ್ಲ ಎಂದು ಅಮ್ಮ ಮೊದಲೇ ತೀರ್ಮಾನಿಸಿದ್ದರು. ಪಂಚೆ ಉಟ್ಟು ತಟ್ಟೆಯಲ್ಲಿ ಕೂತೆ. ಮಾವ ಬೆಲ್ಲದ ಅಚ್ಚುಗಳನ್ನು ಇಡುತ್ತ ಹೋದರು. ಬುಟ್ಟಿ ಖಾಲಿಯಾಯಿತು. ನನ್ನ ತಟ್ಟೆ ನೆಲದ ಮೇಲೇ ಇತ್ತು.

"ಎಷ್ಟು ತಂದದ್ದು ನೀನು?" ಎಂದು ಮಾವ ಅಮ್ಮನನ್ನು ಕೇಳಿದರು.

"ಹೋದ ಸಲದಷ್ಟೇ. ನೂರಮೂವತ್ತೊಂದು."

"ಇವನು ನೂರನಲವತ್ತು ಉಂಟಲ್ಲ ಮಾರಾಯ್ತಿ. ಗೊತ್ತಿಲ್ವಾ?"

"ಗೊತ್ತುಂಟು" ಎಂದು ಅಮ್ಮ ಚೀಲಕ್ಕೆ ಕೈಹಾಕಿ, ನನ್ನ ಬೆವರಿನಿಂದ ಕಪ್ಪಾಗಿದ್ದ ಆ ಪಟ್ಟಿಯನ್ನು ತೆಗೆದರು. ಬೆಲ್ಲದ ಮೇಲೆ ಇಡಲು ಹೋದಾಗ ಭಟ್ಟರು ತಡೆದರು.

"ಇದೆಂತ ಅಮ್ಮ? ಸೀಸ ದೇವರಿಗೆ ಆಗುದಿಲ್ಲ."

"ದೇವರಿಗೆ ಬೆಲ್ಲ ಭಟ್ರೆ, ಇದಲ್ಲ. ಇದರ ತೂಕದ್ದು ನಾಳೆ ಬೆಲ್ಲವೇ ತಂದು ಒಪ್ಪಿಸ್ತೇನೆ. ಹೋದ ವರ್ಷ ಡಾಕ್ಟ್ರ ತಕ್ಕಡಿಯಲ್ಲಿ ಇದು ಇವನ ಬದಿಯಲ್ಲಿತ್ತು. ಇವತ್ತು ಒಮ್ಮೆ ಇವನ ಎದುರು ಇಟ್ಟು ನೋಡ್ಬೇಕು ನಂಗೆ."

ಭಟ್ಟರು ಮಾವನನ್ನು ನೋಡಿದರು. ನಮ್ಮ ಮನೆಯಲ್ಲಿ ಕೊನೆಯ ಮಾತು ಮಾವನದ್ದು ಎಂದು ಮೊದಲೇ ಹೇಳಿದ್ದೇನೆ. ಮಾವ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಇಡಲಿ ಬಿಡಿ ಭಟ್ರೆ" ಎಂದರು.

ಅಮ್ಮ ಇಟ್ಟರು. ನನ್ನ ತಟ್ಟೆ ಮೆಲ್ಲನೆ ನೆಲ ಬಿಟ್ಟಿತು. ಎರಡೂ ಸಮವಾಗಿ, ಸ್ವಲ್ಪ ಅಲ್ಲಾಡಿ, ನಿಂತವು. ಅಮ್ಮ ಕೈಮುಗಿದರು. ನಾನು ಇಳಿದು ಬಂದಾಗ ಪಟ್ಟಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

"ಇನ್ನು ಹೋಗಿ ಅಪ್ಪನ ಬಲೆ ಹೊಲಿ" ಎಂದರು.